ಒಂದು ಶುಕ್ರವಾರ ಕಡಿಮೆ

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಪದಗಳೂ ನನಗೆ ಬೇಗ ಸಿಗುವುದಿಲ್ಲ. ಈ ಪುಟಗಳನ್ನು ಮೊದಲು ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಮೂರು ಸಲ ಬರೆದು, ತಿದ್ದಿ, ಈಗ ಇಲ್ಲಿ ಶಾಯಿಯಲ್ಲಿ ಬರೆಯುತ್ತಿದ್ದೇನೆ. ಎಲ್ಲಾದರೂ ಹೊಡೆದುಹಾಕಿದ್ದರೆ ಅದು ಅವಸರದಿಂದಲ್ಲ, ಆ ಮಾತು ನಿಜವೋ ಅಲ್ಲವೋ ಎಂಬ ಅನುಮಾನದಿಂದ.

ನಮ್ಮ ಸ್ಲೇಟ್‌ಗ್ಯಾಪ್ ಗ್ರಂಥಾಲಯದ ಬಾಗಿಲ ಪಕ್ಕದಲ್ಲಿರುವ ಈ ದಪ್ಪ ಪುಸ್ತಕದಲ್ಲಿ ಊರಿನ ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಆದರೆ ಕೈಯಲ್ಲೇ ಬರೆಯಬೇಕು. ನಾನು ಮೊದಲ ಪುಟದಿಂದ ಕೊನೆಯವರೆಗೆ ತಿರುವಿ ನೋಡಿದೆ. ಗಣಿಯಲ್ಲಿ ಸತ್ತವರಿದ್ದಾರೆ, ಮೂವರು ಪಾದ್ರಿಗಳಿದ್ದಾರೆ, ಅಂಚೆಯವನ ಹಿಂದೆ ಹೋಗುತ್ತಿದ್ದ ಒಂದು ನಾಯಿಯೂ ಇದೆ. ವರ್ನಾ ಕ್ರಾಟ್ಜರ್ ಇಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಗಂಡಸರ ಹೆಸರನ್ನು ಮೊದಲ ಬಾರಿಗೆ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಅವರು.

ಬರೆಯಬಹುದೇ ಎಂದು ಅವರನ್ನೇ ಕೇಳಿದೆ. "ಬರಿ. ಆದ್ರೆ ಆ ಶುಕ್ರವಾರದ್ದೂ ಬರಿ. ಅದನ್ನ ಬಿಟ್ಟು ಬರೆದ್ರೆ ನಾನೇ ಬಂದು ಪುಟ ಹರಿದು ಹಾಕ್ತೀನಿ," ಎಂದರು. ಆದ್ದರಿಂದ ಎಲ್ಲವನ್ನೂ ಬರೆಯುತ್ತೇನೆ.

ಮಿಸ್ ಕ್ರಾಟ್ಜರ್ ಹುಟ್ಟಿದ್ದು ಚರ್ಚಿನ ಹಿಂದಿನ ಬೀದಿಯಲ್ಲಿ, ಈಗ ಇರುವ ಮನೆಯಲ್ಲೇ. ಅಪ್ಪ ಗಣಿ ಕೆಲಸದವರು. ಅಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುತ್ತಿದ್ದರು. ಇಪ್ಪತ್ತೆರಡಕ್ಕೆ ಊರಿನ ಪತ್ರಿಕೆಯಲ್ಲಿ ಸಾವಿನ ಸುದ್ದಿಗಳನ್ನು ಟೈಪು ಮಾಡುವ ಕೆಲಸ ಸಿಕ್ಕಿತು. 1973ರ ಸೆಪ್ಟೆಂಬರಿನಲ್ಲಿ ಆಟದ ಸುದ್ದಿ ಬರೆಯುವವರು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಶುಕ್ರವಾರ ಸಂಜೆ ಹೈಸ್ಕೂಲಿನ ಫುಟ್‌ಬಾಲ್ ಪಂದ್ಯ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಕಡೆಯ ಆಟ. ಕಳುಹಿಸಲು ಬೇರೆ ಯಾರೂ ಇರಲಿಲ್ಲ. "ಆಟ ಗೊತ್ತೇನಮ್ಮಾ?" ಎಂದು ಸಂಪಾದಕರು ಕೇಳಿದರಂತೆ. "ನಮ್ಮಪ್ಪಂಗೆ ಗಂಡುಮಕ್ಕಳಿಲ್ಲ ಸಾರ್, ರೇಡಿಯೊ ಮುಂದೆ ಕೂತು ನಂಗೇ ಎಲ್ಲಾ ಹೇಳ್ಕೊಟ್ಟವ್ರೆ," ಎಂದು ಇವರು ಹೇಳಿದರಂತೆ.

ಮೈದಾನದ ಮೇಲ್ಗಡೆ ಪತ್ರಕರ್ತರ ಕೊಠಡಿಯ ಬಾಗಿಲಿಗೆ ಆಗ ಒಂದು ಹಲಗೆ ಇತ್ತು. ಹೆಂಗಸರಿಗೂ ಮಕ್ಕಳಿಗೂ ಪ್ರವೇಶವಿಲ್ಲ ಎಂದು ಅದರಲ್ಲಿ ಬರೆದಿತ್ತು. ಮಿಸ್ ಕ್ರಾಟ್ಜರ್ ಜಗಳವಾಡಲಿಲ್ಲ. ವಾದ್ಯದವರ ಲಾರಿ ಮೈದಾನದ ಮೂಲೆಯಲ್ಲಿ ನಿಲ್ಲುತ್ತಿತ್ತು. ಅದರ ಮೇಲೆ ಹತ್ತಿ, ಛತ್ರಿಯ ಹಿಡಿಯನ್ನು ಕೋಟಿನ ಕಾಲರಿಗೆ ಸಿಕ್ಕಿಸಿಕೊಂಡು, ನಿಂತುಕೊಂಡೇ ಬರೆದರು. ಮೂರು ವರ್ಷ ಹಾಗೇ. ಪತ್ರಿಕೆಯಲ್ಲಿ ಹೆಸರು ವಿ. ಕ್ರಾಟ್ಜರ್ ಎಂದಷ್ಟೇ ಬರುತ್ತಿತ್ತು. ಹೊರ ಊರಿನವರು "ಮಾನ್ಯ ಕ್ರಾಟ್ಜರ್ ಮಹನೀಯರಿಗೆ" ಎಂದು ಕಾಗದ ಬರೆಯುತ್ತಿದ್ದರು. ಇವರು ಉತ್ತರ ಬರೆದು ಕೆಳಗೆ ವಿ. ಕ್ರಾಟ್ಜರ್ ಎಂದೇ ಸಹಿ ಮಾಡುತ್ತಿದ್ದರು. ನಾಲ್ಕನೆಯ ವರ್ಷ ಹಲಗೆ ತೆಗೆದರು. ಒಳಗೆ ಇವರಿಗೆ ಸಿಕ್ಕಿದ್ದು ಬಾಗಿಲ ಪಕ್ಕದ, ಗಾಳಿ ನುಗ್ಗುವ ಕೊನೆಯ ಕುರ್ಚಿ. ಇವತ್ತಿಗೂ ಅದೇ.

ಆ ಕೊಠಡಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ. ಬರೆಯುವವರು ಯಾವ ಕಡೆಯವರೂ ಅಲ್ಲ. ಕೆಳಗೆ ಎರಡು ಸಾವಿರ ಜನ ಎದ್ದು ಕೂಗುವಾಗ ಇವರು ತಲೆ ತಗ್ಗಿಸಿ ಗೆರೆ ಎಳೆಯುತ್ತಿರುತ್ತಾರೆ. ಸೋತ ದಿನ ಊರಿನವರು ಇವರೊಡನೆ ದುಃಖ ಹಂಚಿಕೊಳ್ಳಲು ಬರುವುದಿಲ್ಲ, ಗೆದ್ದ ದಿನ ಸಂತೋಷವನ್ನೂ ತರುವುದಿಲ್ಲ. ಆಟ ಮುಗಿದ ಮೇಲೆ ಎಲ್ಲರೂ ಪಿರೋಗಿ ಕಡುಬು ತಿನ್ನಲು ಚರ್ಚಿನ ಅಡುಗೆಮನೆಗೆ ಹೋಗುತ್ತಾರೆ. ಇವರು ಫೋನಿನ ಹತ್ತಿರ ಹೋಗುತ್ತಾರೆ.

ಅವರ ಕೆಲಸದ ರೀತಿ ಹೀಗೆ. ಪ್ರತಿ ಓಟಕ್ಕೂ ಹಸಿರು ನೋಟುಪುಸ್ತಕದಲ್ಲಿ ಪೆನ್ಸಿಲಿನ ಒಂದು ಸಾಲು: ಚೆಂಡು ಯಾರ ಕೈಯಲ್ಲಿತ್ತು, ಎಷ್ಟು ಗಜ ಓಡಿದ, ಯಾರು ಕೆಡವಿದ. ಹೆಸರಲ್ಲ, ಅಂಗಿಯ ಮೇಲಿನ ನಂಬರು. ನಂಬರಿನಿಂದ ಹೆಸರು ಆಮೇಲೆ. ಆದರೆ ಹುಡುಗರ ಅಂಗಿ ಹರಿಯುತ್ತದೆ. ಹರಿದರೆ ಬೆಂಚಿನಲ್ಲಿ ಕುಳಿತ ಇನ್ನೊಬ್ಬನ ಅಂಗಿ ಹಾಕಿಕೊಂಡು ಮತ್ತೆ ಒಳಗೆ ಓಡುತ್ತಾರೆ. ಮೇಲಿನಿಂದ ನೋಡುವವರಿಗೆ ಅದು ತಿಳಿಯುವುದಿಲ್ಲ. ಹೀಗೆ ಒಬ್ಬನ ಆಟ ಇನ್ನೊಬ್ಬನ ಹೆಸರಿಗೆ ಹೋಗುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಮಿಸ್ ಕ್ರಾಟ್ಜರ್ ಮಾಡುತ್ತಿರಲಿಲ್ಲ. ಅರ್ಧ ಆಟ ಮುಗಿದು ಉಳಿದ ಪತ್ರಕರ್ತರು ಕಾಫಿ ಕುಡಿಯುವಾಗ ಇವರು ಮೆಟ್ಟಿಲಿಳಿದು ನಮ್ಮ ತಂಡದ ಅಂಗಿ, ಶಿರಸ್ತ್ರಾಣ ನೋಡಿಕೊಳ್ಳುವ ಸ್ಟಾನ್ ವೊಲಾಕರ ಬಳಿ ಹೋಗುತ್ತಿದ್ದರು. "ಯಾರ ಅಂಗಿ ಯಾರ ಮೈಮೇಲಿದೆ ಸ್ಟಾನ್?" ಅವರು ಹೇಳಿದ್ದನ್ನು ಕೆಂಪು ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಳ್ಳುತ್ತಿದ್ದರು. ನಲವತ್ತಾರು ವರ್ಷ ಒಂದೇ ಪ್ರಶ್ನೆ, ಸ್ಟಾನ್ ಹೋದ ಮೇಲೆ ಅವರ ಜಾಗಕ್ಕೆ ಬಂದವರಿಗೂ ಅದೇ.

ನಾನು ಅವರ ಜೊತೆ ಸೇರಿದ್ದು ಎರಡು ವರ್ಷದ ಹಿಂದೆ. ಅವರ ದೃಷ್ಟಿಯ ನಡುಭಾಗ ಹೋಗಿಬಿಟ್ಟಿತ್ತು. ಅಂಚು ಕಾಣುತ್ತದೆ, ನೆಟ್ಟು ನೋಡಿದ್ದು ಮಾತ್ರ ಮಸುಕು. ನಾನು ಆಗ ಜ್ವರದಿಂದ ಎರಡು ತಿಂಗಳು ಮಲಗಿ, ಶಾಲೆಗೆ ಮರಳಲು ಧೈರ್ಯವಾಗದೆ, ಚರ್ಚಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವರು ಹಿಂಬಾಗಿಲಿನಿಂದ ಬಂದರು.

"ನೀನು ಜಾಸ್ತಿ ಮಾತಾಡಲ್ವಂತೆ, ಮಾರ್ಲಿ?"

ನಾನು ತಲೆಯಾಡಿಸಿದೆ.

"ತಲೆ ಆಡಿಸಿದ್ರೆ ನಂಗೆ ಕಾಣಲ್ಲ ಮರಿ. ಬಾಯಿ ಬಿಡು."

"ಇಲ್ಲ ಮಿಸ್. ಜಾಸ್ತಿ ಮಾತಾಡಲ್ಲ."

"ನೂರರ ತನಕ ನಂಬರು ಓದೋಕೆ ಬರುತ್ತಾ?"

"ಬರುತ್ತೆ ಮಿಸ್."

"ಸಾಕು. ಅಷ್ಟು ಮಾತೇ ನಂಗೆ ಬೇಕಿರೋದು."

ಅಂದಿನಿಂದ ಶುಕ್ರವಾರಗಳಲ್ಲಿ ಅವರ ಪಕ್ಕದಲ್ಲಿ ನಿಂತು ನಂಬರು ಹೇಳುತ್ತೇನೆ. ಅವರು ಬರೆಯುತ್ತಾರೆ. ನಮ್ಮ ಆಚೆ ರೇಡಿಯೊದ ಗಸ್ ಟ್ರೆಕ್ಸ್‌ಲರ್ ಕುಳಿತಿರುತ್ತಾರೆ. ಅವರು ನನ್ನನ್ನು ಕರೆಯುವುದು "ಮಾತಿನಮಲ್ಲಿ" ಎಂದು. ನಾನು ಅಲ್ಲಿ ಆಡುವ ಮಾತು ಬರೀ ನಂಬರು.

ಈ ವರ್ಷ ಜುಲೈಯಲ್ಲಿ ನಮ್ಮ ರಾಜಧಾನಿ ಹ್ಯಾರಿಸ್‌ಬರ್ಗಿನಿಂದ ಒಂದು ಕಾಗದ ಬಂತು. ರಾಜ್ಯದ ಫುಟ್‌ಬಾಲ್ ಬರಹಗಾರರ ಸಂಘ ವರ್ಷಕ್ಕೆ ಒಬ್ಬರಿಗೆ, ಜೀವಮಾನದ ಕೆಲಸಕ್ಕೆಂದು, ಲಾರ್ಕಿನ್ ಪದಕ ಕೊಡುತ್ತದೆ. ಇದುವರೆಗೆ ಪಡೆದವರೆಲ್ಲ ದೊಡ್ಡ ಪಟ್ಟಣದ ಪತ್ರಿಕೆಗಳ ಗಂಡಸರು. ಈ ಸಲ ಮಿಸ್ ಕ್ರಾಟ್ಜರ್ ಹೆಸರು ಬಂದಿತ್ತು. ಪದಕದ ಜೊತೆ ಕೊಡುವ ಕಂಚಿನ ಹಲಗೆಯ ಮೇಲೆ ಕೆತ್ತಿಸುವ ಸಾಲನ್ನೂ ಬರೆದು ಕಳುಹಿಸಿದ್ದರು: ನಲವತ್ತಾರು ವರ್ಷ, ಒಂದೂ ಶುಕ್ರವಾರ ತಪ್ಪಿಸದೆ, ಕಂಡದ್ದನ್ನು ಬರೆದವರು. ಅಕ್ಟೋಬರಿನ ಮೊದಲ ಶನಿವಾರ ಅಲ್ಲಿ ಪದಕ ಕೊಡುವ ಊಟ. ಅದಕ್ಕೆ ಮುಂಚೆ ನೋಡಿ ಬರೆದ ಪಂದ್ಯಗಳ ಪಟ್ಟಿಯೊಂದನ್ನು ಕಳುಹಿಸಬೇಕು, ಅಷ್ಟೇ.

ನನ್ನಿಂದ ಆ ಕಾಗದವನ್ನು ಮೂರು ಸಲ ಓದಿಸಿದರು. ಈರಿ ಪಟ್ಟಣದಲ್ಲಿರುವ ದೊಡ್ಡಪ್ಪನ ಮಗಳಿಗೆ ಫೋನು ಮಾಡಿದರು, ಆಕೆ ಎತ್ತಲಿಲ್ಲ. ಮತ್ತೊಬ್ಬರ ಹೆಸರು ನೆನಪಾಗಲಿಲ್ಲವೋ ಏನೋ, ಫೋನು ಇಟ್ಟು ಸ್ವಲ್ಪ ಹೊತ್ತು ಅದರ ಮೇಲೆಯೇ ಕೈ ಇಟ್ಟುಕೊಂಡು ಕುಳಿತರು. ಆಮೇಲೆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅಲ್ಲಿ ಅದುವರೆಗೆ ಇದ್ದದ್ದು ಔಷಧಿ ಅಂಗಡಿಯ ನಂಬರು ಒಂದೇ.

"ಏನು ಹಾಕ್ಕೊಂಡು ಹೋಗೋದು ಮಾರ್ಲಿ? ನಂಗೆ ಇರೋದೆಲ್ಲಾ ಮಳೆ ಕೋಟು," ಎಂದರು. ನೀಲಿ ಬಣ್ಣದ ಒಂದು ಉಡುಪನ್ನು ಇಬ್ಬರೂ ಹೋಗಿ ತಂದೆವು.

ಪಟ್ಟಿ ಮಾಡುವ ಕೆಲಸ ನನ್ನದು. ನಲವತ್ತಾರು ಹಸಿರು ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಜೋಡಿಸಿ ಹನ್ನೊಂದು ದಿನ ಬರೆದೆ. ಅವರು ತಮ್ಮ ಸುದ್ದಿಗಳನ್ನು ಕತ್ತರಿಸಿಟ್ಟ ಪತ್ರಿಕೆಯ ತುಣುಕುಗಳು ನಾನೂರ ಎಂಬತ್ತೆರಡು. ಪೆನ್ಸಿಲಿನ ಲೆಕ್ಕವಿರುವ ಪಂದ್ಯಗಳು ನಾನೂರ ಎಂಬತ್ತೊಂದು. ಮತ್ತೆ ಎಣಿಸಿದೆ. 1988ರ ಅಕ್ಟೋಬರ್ ಹದಿನಾಲ್ಕು, ತೊಂಬತ್ತು ಮೈಲಿ ಆಚೆ ಆಡಿದ ಪಂದ್ಯ. ಆ ದಿನದ ಪುಟ ಹರಿದಿರಲಿಲ್ಲ, ಇರಲೇ ಇಲ್ಲ. ಏಳನೆಯ ತಾರೀಖಿನ ಹಿಂದೆಯೇ ಇಪ್ಪತ್ತೊಂದು.

ಆ ಪಂದ್ಯ ಊರಿಗೆಲ್ಲ ಗೊತ್ತು. ದಟ್ಟ ಮಂಜು, ಕೊನೆಯ ನಿಮಿಷ, ಎದುರಾಳಿಗಳು ಗೆಲ್ಲಲು ಚೆಂಡು ಇನ್ನೊಂದೇ ಗಜ ಮುಂದೆ ಹೋಗಬೇಕು. ಐವತ್ತೆಂಟನೆಯ ನಂಬರಿನ ರಿಕ್ ಹಾಲರ್ ಒಬ್ಬನೇ ನುಗ್ಗಿ ಚೆಂಡು ಹಿಡಿದವನನ್ನು ಕೆಡವಿದ ಎಂದು ಮಿಸ್ ಕ್ರಾಟ್ಜರ್ ಬರೆದ ಸುದ್ದಿಯನ್ನು ಹಾಲರ್ ತಮ್ಮ ಕಾರಿನ ಅಂಗಡಿಯಲ್ಲಿ ಚೌಕಟ್ಟು ಹಾಕಿಸಿ ಇಟ್ಟಿದ್ದಾರೆ.

ಆ ಲೆಕ್ಕವನ್ನು ಬಿಡಿ ಹಾಳೆಯಲ್ಲಿ ಬರೆದು ಎಲ್ಲೋ ಕಳೆದಿರಬೇಕು, ಅಂಗಿ ಬದಲಾದ ವಿವರವಾದರೂ ಸಿಗಲಿ ಎಂದುಕೊಂಡೆ. ಸ್ಟಾನ್ ವೊಲಾಕರು ಈಗಿಲ್ಲ, ಆದರೆ ಅವರು ಬರೆದಿಡುತ್ತಿದ್ದ ದಿನಚರಿ ಶಾಲೆಯ ಉಗ್ರಾಣದಲ್ಲಿದೆ. ಹೋಗಿ ಕೇಳುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ಅಕ್ಟೋಬರ್ ಹದಿನಾಲ್ಕರ ಕೆಳಗೆ ಅವರ ಕೈಬರಹ ಸ್ಪಷ್ಟವಾಗಿತ್ತು: ಅರ್ಧ ಆಟಕ್ಕೆ ಡೆನ್ನಿ ಮೊರಾಸ್ಕಿಯ 52 ಹರಿಯಿತು. ಹಾಲರನ 58 ಕೊಟ್ಟೆ. ಹಾಲರ್ ಕಾಲು ಉಳುಕಿ ಬೆಂಚಿನಲ್ಲಿ.

ಅಲ್ಲೇ ನಿಂತುಕೊಂಡು ನಾಲ್ಕು ಸಲ ಓದಿದೆ. ಕೆಡವಿದವನು ಹಾಲರ್ ಅಲ್ಲ, ಮೊರಾಸ್ಕಿ. ಮಿಸ್ ಕ್ರಾಟ್ಜರ್ ಮೆಟ್ಟಿಲಿಳಿದು ಕೇಳಿದ್ದರೆ ಸ್ಟಾನ್ ಹೇಳಿರುತ್ತಿದ್ದರು. ಅವರು ಕೇಳಿಲ್ಲ. ಕೇಳದೆ ಇರುವವರಲ್ಲ ಅವರು. ಹಾಗಾದರೆ ಅಲ್ಲಿ ಇರಲೇ ಇಲ್ಲ.

ಮೂರು ದಿನ ನಾನು ಏನೂ ಹೇಳಲಿಲ್ಲ. ಮೇಜಿನ ಮೇಲೆ ಪಟ್ಟಿ ಒಂದು ಸಾಲು ಬಿಟ್ಟು ಮುಗಿದು ಕುಳಿತಿತ್ತು. ಆ ಒಂದು ಸಾಲನ್ನೂ ಉಳಿದವುಗಳಂತೆ ಬರೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನೀಲಿ ಉಡುಪು ಬೀರುವಿನ ಬಾಗಿಲಿಗೆ ನೇತಾಡುತ್ತಿತ್ತು. ಅವರು ಹಾದುಹೋಗುವಾಗ ಒಮ್ಮೆ ಅದರ ತೋಳನ್ನು ಮುಟ್ಟಿ ಹೋಗುವುದನ್ನು ನೋಡಿದೆ.

ನನ್ನ ಎಣಿಕೆಯೇ ತಪ್ಪಿರಲಿ ಎಂಬ ಆಸೆಯಿಂದ ಗಸ್ ಟ್ರೆಕ್ಸ್‌ಲರ್ ಅವರ ಮನೆಗೆ ಹೋದೆ. ಆ ಪಂದ್ಯವನ್ನು ರೇಡಿಯೊದಲ್ಲಿ ಹೇಳಿದವರು ಅವರೇ. ಅಂಗಳದಲ್ಲಿ ಎಲೆ ಗುಡಿಸುತ್ತಿದ್ದರು.

"ಅರೆರೆ, ಮಾತಿನಮಲ್ಲಿ! ಮನೆ ತನಕ ಬಂದಿದ್ದೀಯ ಅಂದ್ರೆ ಎಲ್ಲೋ ಬೆಂಕಿ ಬಿದ್ದಿರ್ಬೇಕು."

"ಎಂಬತ್ತೆಂಟರ ಮಂಜಿನ ಪಂದ್ಯ, ಸಾರ್. ಕೊನೇಲಿ ಕೆಡವಿದ್ದು ಯಾರು?"

"ಐವತ್ತೆಂಟು, ಹಾಲರ್. ಗಂಟಲು ಹರಿಯೋ ಹಾಗೆ ನಾನೇ ಕೂಗಿದ್ನಲ್ಲ. ನಿಜ ಹೇಳ್ಬೇಕಂದ್ರೆ ಆ ಮಂಜಲ್ಲಿ ನನ್ನ ಹೆಂಡ್ತಿ ಓಡಿ ಬಂದಿದ್ರೂ ಗುರುತು ಸಿಗ್ತಿರ್ಲಿಲ್ಲ. ನಂಬರು ಕಾಣಿಸ್ತು, ಪಟ್ಟಿ ನೋಡಿ ಹೆಸರು ಹೇಳ್ದೆ."

"ಆವತ್ತು ಮಿಸ್ ಕ್ರಾಟ್ಜರ್ ಅಲ್ಲಿದ್ರಾ?"

ಅವರು ನಕ್ಕರು. "ಅದೇನೇ ಪ್ರಶ್ನೆ? ಇದ್ದೇ ಇದ್ಲು. ಬಾಗಿಲ ಪಕ್ಕ, ಮಾಮೂಲಿ ಜಾಗದಲ್ಲಿ. ಕಣ್ಣಿಗೆ ಕಟ್ಟಿದ ಹಾಗಿದೆ. ವರ್ನಾ ಬರ್ದೇ ಇರೋದು ಉಂಟಾ?"

ಹಿಂದಿರುಗುವ ದಾರಿಯಲ್ಲಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬಾಗಿಲ ಪಕ್ಕದ ಆ ಜಾಗ ನಮ್ಮ ಮೈದಾನದ್ದು, ಆ ಪಂದ್ಯ ನಡೆದದ್ದು ತೊಂಬತ್ತು ಮೈಲಿ ಆಚೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಕಂಡಿದ್ದೇನೆ ಎಂದೇ ನಂಬಿದ್ದರು.

ಆ ಮಧ್ಯಾಹ್ನ ಮಿಸ್ ಕ್ರಾಟ್ಜರ್ ಮೆಕ್ಕೆಜೋಳ ಹಾಕಿದ ಕೋಳಿ ಸೂಪು ಕಾಯಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಹೇಳಿದೆ. ಒಂದು ಲೆಕ್ಕ ಕಡಿಮೆ ಇದೆ, ಸ್ಟಾನ್ ಅವರ ದಿನಚರಿಯಲ್ಲಿ ಹೀಗಿದೆ, ಗಸ್ ಹೀಗೆ ಹೇಳಿದರು. ನನ್ನ ಜೀವನದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಅವರು ಒಲೆ ಆರಿಸಿದರು. ಸೌಟನ್ನು ತೊಳೆದು ಒರೆಸಿ ಅದರ ಜಾಗದಲ್ಲಿ ಇಟ್ಟರು.

"ನಿಂಗೆ ಕಣ್ಣು ಚುರುಕು ಅಂತ ಇಟ್ಕೊಂಡೋಳು ನಾನೇ ಅಲ್ವಾ," ಎಂದರು. "ಕೂತ್ಕೋ."

ಆ ವರ್ಷ ಆಗಸ್ಟಿನಲ್ಲಿ ಅವರ ಅಮ್ಮ ತೀರಿಕೊಂಡಿದ್ದರಂತೆ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಅಕ್ಟೋಬರ್ ಹದಿನಾಲ್ಕರಂದು ಒಬ್ಬರೇ ಕಾರಿನಲ್ಲಿ ಹೊರಟರು. ಅರ್ಧ ದಾರಿಯಲ್ಲಿ ಮಂಜು ಕವಿಯಿತು. ಮುಚ್ಚಿದ ಹಣ್ಣಿನ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದರು, ಸ್ವಲ್ಪ ತಿಳಿಯಾಗಲಿ ಎಂದು.

"ತಿಳಿಯಾಯ್ತು ಮಾರ್ಲಿ. ಹೋಗ್ಬಹುದಿತ್ತು, ಹೊತ್ತಿಗೆ ಸರಿಯಾಗಿ ತಲುಪ್ತಿದ್ದೆ. ಹೋಗ್ಲಿಲ್ಲ."

"ಯಾಕೆ ಮಿಸ್?"

"ಅಮ್ಮ ಇದ್ದಾಗ ನಾನು ಮನೆಗೆ ಬರೋ ತನಕ ದೀಪ ಹಾಕಿರ್ತಿದ್ಲು. ಈಗ ನಾನು ಬಂದ್ರೂ ಬರ್ದೇ ಇದ್ರೂ ಯಾರಿಗೂ ಗೊತ್ತಾಗಲ್ಲ ಅಂತ ಆವತ್ತು ತಲೆಗೆ ಹೊಕ್ಕಿತು. ಸರಿ, ನೋಡೇಬಿಡೋಣ ಅನ್ನಿಸ್ತು. ಕುರ್ಚಿ ಖಾಲಿ ಇದೆಯಲ್ಲಾ, ವರ್ನಾ ಎಲ್ಲಿ ಅಂತ ಯಾರಾದ್ರೂ ಒಬ್ರು ಕೇಳ್ತಾರಾ? ಗಸ್ ರೇಡಿಯೊದಲ್ಲಿ ಒಂದು ಮಾತು ಹೇಳ್ತಾನಾ? ಕಾರಲ್ಲಿ ರೇಡಿಯೊ ಹಾಕ್ಕೊಂಡು ಕಾಯ್ತಾ ಕೂತೆ. ಪೂರ್ತಿ ಆಟ ಕೇಳಿದೆ."

ಅವರು ಮೇಜಿನ ಮೇಲಿನ ಹಸಿರು ಪುಸ್ತಕವೊಂದನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆಮೇಲೆ ಪೆಟ್ರೋಲ್ ಬಂಕಿನ ಫೋನಿಂದ ಎಂದಿನ ಹಾಗೆ ಸುದ್ದಿ ಹೇಳ್ದೆ. ಗಸ್ ಕೂಗಿದ್ದೇ ಬರೆಸಿದೆ. ಸೋಮವಾರ ಯಾರಾದ್ರೂ ಬಂದು 'ಎಲ್ಲಿ ಹೋಗಿದ್ದೆ' ಅಂತ ಬೈದಿದ್ರೆ ಅಲ್ಲೇ ಒಪ್ಕೋತಿದ್ದೆ. ಎಲ್ರೂ ಬಂದು ಚೆನ್ನಾಗಿ ಬರೆದಿದ್ದೀಯ ಅಂದ್ರು."

"ಮೊರಾಸ್ಕಿ ವಿಷಯ ನಿಮಗೆ ಗೊತ್ತಿತ್ತಾ?"

"ಇಲ್ಲ. ದೇವರಾಣೆ ಇಲ್ಲ. ನಾನು ಹೋಗ್ಲಿಲ್ಲ ಅನ್ನೋದು ನನ್ನೊಬ್ಬಳ ಪಾಡು ಅಂದ್ಕೊಂಡಿದ್ದೆ. ಅದ್ರಿಂದ ಇನ್ನೊಬ್ಬನ ಹೆಸರು ಹೋಯ್ತು ಅಂತ ಈಗ ನಿನ್ನ ಬಾಯಿಂದ ಕೇಳ್ತಿದ್ದೀನಿ."

ಸಂಜೆ ಗಸ್ ಟ್ರೆಕ್ಸ್‌ಲರ್ ಬಂದರು. ನನ್ನ ಪ್ರಶ್ನೆ ಅವರ ತಲೆಯಲ್ಲಿ ಕೊರೆಯುತ್ತಿತ್ತಂತೆ. ವಿಷಯ ಕೇಳಿ ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು.

"ಹುಚ್ಚು ಹಿಡಿದಿದೆಯೇನೇ ವರ್ನಾ? ಮೂವತ್ತೊಂದು ವರ್ಷ ಆಯ್ತು. ಆ ಪಟ್ಟೀಲಿ ಒಂದು ಸಾಲು ಬರ್ದು ಹಾಕು. ಬೇಕಾದ್ರೆ ನಾನೇ ಬಂದು ಹೇಳ್ತೀನಿ, ನನ್ನ ಪಕ್ಕದಲ್ಲೇ ಇದ್ಲು ಅಂತ."

"ಅದೇ ಗಸ್. ನೀನು ಹೇಳ್ತೀಯ. ನಾನು ಇರ್ಲಿಲ್ಲ ಅನ್ನೋದನ್ನ ನೀನು ಇವತ್ತಿಗೂ ನೋಡಿಲ್ಲ."

ಅವರು ಟೋಪಿಯ ಅಂಚನ್ನು ತಿರುಗಿಸುತ್ತಾ ಕುಳಿತರು. ಹೋಗುವಾಗ ನನ್ನನ್ನು ಮಾತಿನಮಲ್ಲಿ ಎಂದು ಕರೆಯಲಿಲ್ಲ.

ಮರುದಿನ ಮಿಸ್ ಕ್ರಾಟ್ಜರ್ ಹೇಳಿದರು, ನಾನು ಬರೆದೆ. ಪಟ್ಟಿಯಲ್ಲಿ ನಾನೂರ ಎಂಬತ್ತೊಂದು. ಜೊತೆಗೆ ಒಂದು ಪುಟ, ಉಳಿದ ಒಂದರ ಬಗ್ಗೆ. ಎಂಟು ದಿನದ ಮೇಲೆ ಸಂಘದ ಅಧ್ಯಕ್ಷರು ಫೋನು ಮಾಡಿದರು. ನಾನು ಪಕ್ಕದಲ್ಲಿದ್ದೆ, ಧ್ವನಿ ಕೇಳಿಸುತ್ತಿತ್ತು. ಒಳ್ಳೆಯ ಮನುಷ್ಯರು.

"ಮಿಸ್ ಕ್ರಾಟ್ಜರ್, ತಪ್ಪಿಸಿದ್ದಕ್ಕೆ ಯಾರೂ ಏನೂ ಅನ್ನಲ್ಲ. ಆದ್ರೆ ನೋಡ್ದೇ ಇರೋ ಆಟಾನ ನೋಡಿದ ಹಾಗೆ ಬರೆದದ್ದು... ಕೆಲವು ಸದಸ್ಯರು ಒಪ್ತಾ ಇಲ್ಲ. ಈ ವರ್ಷ ಬೇರೆಯವ್ರಿಗೆ ಕೊಡೋದು ಅಂತ ಆಯ್ತು. ನಂಗೆ ನಿಜವಾಗ್ಲೂ ಬೇಜಾರು."

"ಒಪ್ಪದೇ ಇರೋರು ಸರಿಯಾಗೇ ಹೇಳಿದ್ದಾರೆ. ನಾನು ಆ ಕಡೆ ಕೂತಿದ್ರೂ ಒಪ್ತಿರ್ಲಿಲ್ಲ."

"ಒಂದು ಕೇಳ್ಲಾ? ಇದನ್ನ ಹೇಳ್ಲೇಬೇಕಿತ್ತಾ ನೀವು?"

ಅವರು ನನ್ನ ಕಡೆಗೆ ಮುಖ ತಿರುಗಿಸಿದರು. "ನನ್ನ ಹುಡುಗಿ ಎಣಿಸ್ಬಿಟ್ಟಿದ್ಲು ಸಾರ್," ಎಂದರು.

ಫೋನು ಇಟ್ಟ ಮೇಲೆ ನಾನು ಅತ್ತೆ. ನಾನು ಸುಮ್ಮನಿದ್ದಿದ್ದರೆ ಪದಕ ಬರುತ್ತಿತ್ತು ಎಂದೆ. ಅವರು ನನ್ನ ತಲೆ ನೇವರಿಸಲಿಲ್ಲ, ಅದು ಅವರಿಗೆ ಬರುವುದಿಲ್ಲ. "ನೀನು ಸುಮ್ನಿದ್ದಿದ್ರೆ ಮುಂದಿನ ಶುಕ್ರವಾರ ನೀನು ಹೇಳೋ ನಂಬರನ್ನ ನಾನು ಹೇಗೆ ನಂಬ್ಲಿ?" ಎಂದಷ್ಟೇ ಕೇಳಿದರು.

ಅಕ್ಟೋಬರಿನ ಮೊದಲ ಶನಿವಾರ ಬಂತು. ನೀಲಿ ಉಡುಪನ್ನು ಅಂಗಡಿಗೆ ಹಿಂದಿರುಗಿಸಲು ಅವಧಿ ಮುಗಿದಿತ್ತು. ಸಂಜೆ ಹೋದಾಗ ಅವರು ಅದನ್ನೇ ಹಾಕಿಕೊಂಡು, ಮೇಲೆ ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಸುಲಿಯುತ್ತಿದ್ದರು. "ಸುಮ್ನೆ ನೇತಾಡ್ತಿತ್ತು," ಎಂದರು. ಇಬ್ಬರೂ ಊಟ ಮಾಡಿದೆವು. ಹ್ಯಾರಿಸ್‌ಬರ್ಗಿನಲ್ಲಿ ಆಗ ಯಾರೋ ಭಾಷಣ ಮಾಡುತ್ತಿದ್ದಿರಬೇಕು.

ಊಟದ ನಂತರ ಅವರು, "ತಪ್ಪೊಪ್ಪಿಗೆ ಹಾಕಿಸ್ಬೇಕು ಮಾರ್ಲಿ. ಪತ್ರಿಕೇಲಿ ತಪ್ಪಾದ್ರೆ ಪತ್ರಿಕೇಲೇ ಸರಿ ಮಾಡ್ಬೇಕು," ಎಂದರು. ಸೋಮವಾರ ಫೋನು ಮಾಡಿದೆವು. ನಮ್ಮ ಪತ್ರಿಕೆ ಈಗ ನಮ್ಮೂರಿನಲ್ಲಿ ತಯಾರಾಗುವುದಿಲ್ಲ. ದೂರದ ಕಚೇರಿಯ ಹುಡುಗಿಯೊಬ್ಬಳು ವಿನಯದಿಂದ ಹೇಳಿದಳು: ಒಂದು ತಿಂಗಳಿಗಿಂತ ಹಳೆಯ ತಪ್ಪುಗಳನ್ನು ತಿದ್ದಲು ಅವರಲ್ಲಿ ಜಾಗವಿಲ್ಲ. ಯಾವ ವರ್ಷ ಅಂದಿರಿ ಎಂದು ಎರಡು ಸಲ ಕೇಳಿದಳು.

ಆದ್ದರಿಂದ ಅದನ್ನು ಬಿಳಿ ಹಾಳೆಯಲ್ಲಿ ಬರೆದಿದ್ದೇವೆ. ಮಾತು ಅವರದು, ಅಕ್ಷರ ನನ್ನದು, ಕೆಳಗಿನ ಸಹಿ ಅವರದು. ಈ ಬಾರಿ ವಿ. ಅಲ್ಲ, ವರ್ನಾ ಎಂದು ಪೂರ್ತಿ ಬರೆದಿದ್ದಾರೆ. ಅದರಲ್ಲಿ ಇರುವುದು ಇಷ್ಟು: 1988ರ ಅಕ್ಟೋಬರ್ 14ರ ಪಂದ್ಯದಲ್ಲಿ ಕೊನೆಯ ನಿಮಿಷದಲ್ಲಿ ಎದುರಾಳಿಯನ್ನು ಕೆಡವಿದವರು ಡೆನ್ನಿ ಮೊರಾಸ್ಕಿ, ರಿಕ್ ಹಾಲರ್ ಅಲ್ಲ. ಬರೆದವಳು ಅಂದು ಮೈದಾನದಲ್ಲಿ ಇರಲಿಲ್ಲ.

ಎರಡು ಪ್ರತಿ ಮಾಡಿದ್ದೇನೆ. ಹಾಲರ್ ಅವರ ಅಂಗಡಿಗೆ ತಾವೇ ಹೋಗುವುದಾಗಿ ಮಿಸ್ ಕ್ರಾಟ್ಜರ್ ಹೇಳಿದ್ದಾರೆ. ಅಲ್ಲಿ ಬೈಗುಳ ಸಿಗಬಹುದು, ಅದು ತಮ್ಮ ಪಾಲಿನದು ಎಂದರು. ಇನ್ನೊಂದು ನನ್ನ ಬಳಿ ಇದೆ. ಡೆನ್ನಿ ಮೊರಾಸ್ಕಿ ಅವರಿಗೆ ಈಗ ನಲವತ್ತೆಂಟು ವರ್ಷ, ಹಳ್ಳದ ಸೇತುವೆಯ ಬಳಿ ಟೈರು ಅಂಗಡಿ ಇಟ್ಟಿದ್ದಾರೆ. ಅವರೊಡನೆ ನಾನು ಒಮ್ಮೆಯೂ ಮಾತಾಡಿಲ್ಲ. ಅವರಾಗಲಿ ಹಾಲರ್ ಆಗಲಿ ಇಷ್ಟು ವರ್ಷ ಯಾಕೆ ಏನೂ ಹೇಳಲಿಲ್ಲವೋ ನನಗೆ ಗೊತ್ತಿಲ್ಲ, ಮೊರಾಸ್ಕಿ ಹಾಳೆ ಓದಿ ಏನು ಹೇಳುತ್ತಾರೋ ಅದೂ ಗೊತ್ತಿಲ್ಲ.

ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ನಾಳೆ ಏಳೂವರೆಗೆ ಮನೆಯಿಂದ ಹೊರಟು, ನಡೆದುಹೋಗಿ, ಅವರ ಕೈಗೇ ಕೊಡುತ್ತೇನೆ. ಗಿರಾಕಿಗಳಿದ್ದರೆ ಹೊರಗೆ ನಿಂತು ಕಾಯುತ್ತೇನೆ.